ರೈಲು, ಬಸ್, ಬೋಟು ತೆಗೆಯಲು ಮೊದಲ ಕ್ಯಾಮೆರಾ: 25 ಸಾವಿರದಲ್ಲಿ ಯಾವುದು ತಗೊಳ್ಳಲಿ?

ಅಂಕೋಲಾ ಲೋಕಲ್

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾದವನು, ಕಾರವಾರದಲ್ಲಿ ಡಿಗ್ರಿ ಎರಡನೇ ವರ್ಷ. ರೈಲು, ಬಸ್, ಬೋಟು ಕಂಡರೆ ನಿಂತು ನೋಡುವ ಅಭ್ಯಾಸ ಚಿಕ್ಕಂದಿನಿಂದ ಇದೆ. ಈವರೆಗೆ ಮೊಬೈಲಿನಲ್ಲೇ ತೆಗೆಯುತ್ತಿದ್ದೆ. ಸ್ಟ್ಯಾಂಡಿನಲ್ಲಿ ನಿಂತ ಬಸ್ ಅಡ್ಡಿಲ್ಲ, ಚೆನ್ನಾಗೇ ಬರುತ್ತದೆ. ಓಡುವ ರೈಲಿನ ಇಂಜಿನ್ ನಂಬರ್ ಮಾತ್ರ ಓದುವ ಹಾಗೆ ಬರುವುದಿಲ್ಲ. ದೂರದ ಬೋಟಿನ ಹೆಸರೂ ಅಷ್ಟೇ.

ಕೈಯಲ್ಲಿರುವುದು 25 ಸಾವಿರ. ಕಾರ್ಡು, ಬ್ಯಾಗು ಎಲ್ಲ ಅದರೊಳಗೇ ಆಗಬೇಕು. ವಿಚಾರಿಸಿದ್ದರಲ್ಲಿ ನಾಲ್ಕು ಕಣ್ಣಿಗೆ ಬಿದ್ದಿವೆ, ಎಲ್ಲವೂ ಸೆಕೆಂಡ್ ಹ್ಯಾಂಡ್. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕ್ಯಾನನ್ 1300ಡಿ ಇದೆ, 18-55 ಮತ್ತು 55-250 ಮಿಲಿಮೀಟರಿನ ಎರಡೂ ಲೆನ್ಸ್ ಸೇರಿ 21 ಸಾವಿರ ಅಂತಾರೆ. ಪರಿಚಯದವರ ಹತ್ತಿರ ನಿಕಾನ್ ಡಿ3300, 18-55 ಮಾತ್ರ, 16 ಸಾವಿರ. ಬೆಂಗಳೂರಿನಲ್ಲಿ ಒಬ್ಬರು ಸೋನಿ ಎ6000 ಮತ್ತು 16-50 ಲೆನ್ಸ್ 24 ಸಾವಿರಕ್ಕೆ ಕೊಡುತ್ತಾರೆ. ಕೊನೆಯದು ಕ್ಯಾನನ್ ಎಸ್‌ಎಕ್ಸ್60, 65 ಪಟ್ಟು ಝೂಮ್, 15 ಸಾವಿರ.

ಯೂಟ್ಯೂಬ್ ನೋಡಿದಷ್ಟೂ ತಲೆ ಕೆಡುತ್ತಿದೆ. ಅಲ್ಲಿ ಎಲ್ಲರೂ ಮದುವೆ ಇಲ್ಲವೇ ಹಕ್ಕಿ ತೆಗೆಯುವವರು. ರೈಲು, ಬಸ್ ತೆಗೆಯುವವರು ಏನು ಹೇಳುತ್ತೀರಿ?


ಶರಾವತಿ ಸೇತುವೆ

ಮೊದಲು ಇದು ಹೇಳು ತಮ್ಮಾ. ಎಲ್ಲಿ ನಿಂತು ತೆಗೆಯುತ್ತೀಯ? ಯಾವ ಹೊತ್ತಿನಲ್ಲಿ? ತೆಗೆದದ್ದನ್ನು ಏನು ಮಾಡುತ್ತೀಯ, ಮೊಬೈಲಿಗೆ ಹಾಕುವುದೋ, ಪ್ರಿಂಟ್ ಹಾಕಿಸುವುದೋ?


ಅಂಕೋಲಾ ಲೋಕಲ್

ಜಾಸ್ತಿ ಕೊಂಕಣ ರೈಲು, ಅಣ್ಣ. ಅಂಕೋಲಾ, ಹಾರವಾಡ, ಕಾರವಾರ, ಗೋಕರ್ಣ ರೋಡ್ ಸ್ಟೇಷನ್ ಸುತ್ತಮುತ್ತ. ಅಜ್ಜಿ ಮನೆ ಶಿರಸಿ ಹತ್ತಿರ, ಹೋದಾಗ ಘಟ್ಟದ ಬಸ್ಸುಗಳು. ರಜೆ ದಿನ ಬೈತಖೋಲದ ಬೋಟುಗಳು. ಕಾಲೇಜು ಮುಗಿದ ಮೇಲೆ ಹೋಗುವುದರಿಂದ ಹೆಚ್ಚಾಗಿ ಸಂಜೆಯೇ. ತೆಗೆದದ್ದನ್ನು ಮೊಬೈಲಿಗೆ ಹಾಕಿ ಗೆಳೆಯರಿಗೆ ಕಳಿಸುತ್ತೇನೆ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದೆ.


ಶರಾವತಿ ಸೇತುವೆ

ಹಾಗಾದರೆ ಮೊದಲು ಲೆನ್ಸಿನ ಲೆಕ್ಕ ಹಾಕು, ಬಾಡಿ, ಅಂದರೆ ಲೆನ್ಸ್ ಬಿಟ್ಟ ಬರೀ ಕ್ಯಾಮೆರಾ, ಆಮೇಲೆ. ಲೆನ್ಸಿನ ಮಿಲಿಮೀಟರ್ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಮೊದಲ ಕ್ಯಾಮೆರಾ ತಗೊಳ್ಳುವವರು ಹಣವನ್ನೆಲ್ಲ ಬಾಡಿಗೆ ಸುರಿದು, ದೂರದ ಲೆನ್ಸ್ ಮುಂದೆ ನೋಡೋಣ ಅಂತ ಬಿಡುತ್ತಾರೆ. ಆ ಮುಂದೆ ಬರುವುದೇ ಇಲ್ಲ.

ನಮ್ಮ ಕೆಲಸಕ್ಕೆ ಎರಡು ಬಗೆಯ ನೋಟ ಬೇಕು. ಒಂದು, ಹತ್ತಿರದಲ್ಲಿ ಓರೆಯಾಗಿ ನಿಂತು ಮುಖವೂ ಬದಿಯೂ ಕಾಣುವ ಹಾಗೆ ತೆಗೆಯುವುದು. ಅದಕ್ಕೆ 18-55 ಸಾಕು. ಇನ್ನೊಂದು, ತಿರುವಿನಿಂದ ಎದುರಿಗೆ ಬರುವ ಇಂಜಿನ್, ಅದರ ಹಿಂದೆ ಬಾಗಿದ ಬೋಗಿಗಳ ಸಾಲು. ಇದಕ್ಕೆ 150ರಿಂದ 250 ಬೇಕೇ ಬೇಕು. ರೈಲ್ವೆ ಜಾಗದ ಹೊರಗೆ ನಿಲ್ಲಬೇಕಲ್ವಾ, ದೂರದ ಲೆನ್ಸ್ ಇದ್ದರೆ ಹಳಿಯ ಹತ್ತಿರ ಹೋಗುವ ಆಸೆಯೇ ಬರುವುದಿಲ್ಲ. 1300ಡಿಯಲ್ಲಿ 250 ಹಾಕಿದರೆ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾದ 400ರಷ್ಟು ಹತ್ತಿರ ಕಾಣುತ್ತದೆ, ಏಕೆಂದರೆ ಅದರ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, 1.6ರಿಂದ ಗುಣಿಸಬೇಕು. ನಿಕಾನಿನಲ್ಲಿ 1.5.

ನಮ್ಮ ಹೊನ್ನಾವರದ ರೈಲು ಸೇತುವೆಯನ್ನೇ ತಗೋ. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, ಎರಡು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ನದಿ ದಂಡೆಯಿಂದ ಇಡೀ ರೈಲು, ನೀರು, ಹಿಂದೆ ಗುಡ್ಡ ಎಲ್ಲ ಬರಬೇಕು ಅಂದರೆ 35, 50 ಸಾಕು. ಅದೇ ಜಾಗದಿಂದ ಇಂಜಿನ್ ಒಂದೇ ಎತ್ತಿ ತೆಗೆಯಲು 250 ಕೂಡ ಕಡಿಮೆ ಅನಿಸುತ್ತದೆ. ರೋ-ರೋ ಬಂದಾಗ ನೋಡು, ಚಪ್ಪಟೆ ವ್ಯಾಗನ್ ಮೇಲೆ ಲಾರಿಗಳ ಸಾಲು, ಕೆಳಗೆ ಹೊಳೆ. ಒಂದೊಂದು ಲಾರಿಯ ಬಣ್ಣ, ಹೊದೆಸಿದ ತಾಡಪಾಲು, ಎಲ್ಲ ಬೇರೆ ಬೇರೆ ಕಾಣಬೇಕು ಅಂದರೆ ಉದ್ದದ ಲೆನ್ಸೇ ಬೇಕು.

ಆದ್ದರಿಂದ ನನ್ನ ಓಟು 1300ಡಿ ಮತ್ತು ಎರಡು ಲೆನ್ಸಿಗೆ. 2016ರ ಕ್ಯಾಮೆರಾ, 18 ಮೆಗಾಪಿಕ್ಸೆಲ್. ಹಳೆಯದು ಹೌದು. ವೈಫೈ ಇದೆ, ಮೊಬೈಲಿಗೆ ನೇರ ಕಳಿಸಬಹುದು. ಡಿ3300ರಲ್ಲಿ ಒಳಗೆ ವೈಫೈ ಇಲ್ಲ.

ಅಂಗಡಿಯವರು ಹೇಳುವ ಎರಡನೇ ಲೆನ್ಸ್ 55-250 ಐಎಸ್ ಹೌದೋ ಅಲ್ಲವೋ ಅಂತ ಲೆನ್ಸಿನ ಮೇಲೆ ಬರೆದದ್ದನ್ನು ನೀನೇ ಓದು. 75-300 ಅಂತ ಇನ್ನೊಂದಿದೆ. ಸಂಖ್ಯೆ ದೊಡ್ಡದು ಅಂತ ಜನ ಮರುಳಾಗುತ್ತಾರೆ. ಅದರ ಮೂರನೇ ಆವೃತ್ತಿಯಲ್ಲಿ ಕೈ ನಡುಕ ತಡೆಯುವ ಐಎಸ್ ಇಲ್ಲ, 300ರ ತುದಿಯಲ್ಲಿ ಚಿತ್ರ ಮೆತ್ತಗೆ ಬರುತ್ತದೆ. ಕೊಡುತ್ತೇನೆ ಅಂದರೂ ಬೇಡ ಅನ್ನು.


ಬೈತಖೋಲ ಧಕ್ಕೆ

ನಾನು ಎಸ್‌ಎಕ್ಸ್60 ಪರ. ಹುಡುಗ ಹೊಸಬ. ಲೆನ್ಸ್ ಬದಲಿಸುವುದು, ಧಕ್ಕೆಯ ಉಪ್ಪು ಗಾಳಿ ಸೆನ್ಸರಿಗೆ ತಾಗುವುದು, ಇದೆಲ್ಲ ತಲೆನೋವು ಯಾಕೆ? ಫುಲ್ ಫ್ರೇಮ್ ಲೆಕ್ಕದಲ್ಲಿ 21ರಿಂದ 1365ರವರೆಗೆ ಒಂದೇ ಲೆನ್ಸ್. ಪರ್ಸೀನ್ ಬೋಟು ಬಂದರಿಗೆ ಬರುವಾಗ ದಡದಲ್ಲಿ ಕೂತೇ ಅದರ ಹೆಸರು, ನೋಂದಣಿ ಸಂಖ್ಯೆ, ಬಲೆ ಎಳೆಯುವವರ ಮುಖ, ಎಲ್ಲ ತೆಗೆಯಬಹುದು. 250ರಲ್ಲಿ ಇದು ಆಗುವುದಿಲ್ಲ. ಹತ್ತು ಸಾವಿರ ಉಳಿಯುತ್ತದೆ, ಅದರಲ್ಲಿ ಊರೂರು ತಿರುಗಬಹುದು.


ದೇವಿಮನೆ ತಿರುವು

ಬೈತಖೋಲದವರು ಹೇಳಿದ್ದು ಬಿಸಿಲಿಗೆ ಸರಿ. ನಮ್ಮಲ್ಲಿ ಬಿಸಿಲು ಎಷ್ಟು ತಿಂಗಳು ಇರುತ್ತದೆ ಹೇಳಿ? ನಾನು ಶಿರಸಿಯವಳು, ಘಟ್ಟದ ಬಸ್ಸುಗಳನ್ನೇ ತೆಗೆಯುವುದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ದೇವಿಮನೆ ಘಟ್ಟದಲ್ಲಿ ಮಧ್ಯಾಹ್ನ ಮೂರಕ್ಕೇ ಹೆಡ್‌ಲೈಟ್ ಹಾಕಿಕೊಂಡು ಬರುತ್ತಾರೆ. ಆ ಬೆಳಕಿನಲ್ಲಿ ಲೆನ್ಸಿನ ತೆರವು ಎಫ್/5.6 (ಈ ಸಂಖ್ಯೆ ಚಿಕ್ಕದಾದಷ್ಟೂ ತೆರವು ದೊಡ್ಡದು), ಶಟರ್ 1/500 ಸೆಕೆಂಡು ಇಡಬೇಕು ಅಂದರೆ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್ಒ, 3200 ಕೇಳುತ್ತದೆ.

ಎಸ್‌ಎಕ್ಸ್60ರ ಸೆನ್ಸರ್ ಸುಮಾರು 6.2 ಗುಣಿಸು 4.6 ಮಿಲಿಮೀಟರ್. 1300ಡಿಯದು 22.3 ಗುಣಿಸು 14.9. ಗುಣಿಸಿ ನೋಡಿ, ಹನ್ನೊಂದು ಪಟ್ಟಿಗೂ ಜಾಸ್ತಿ ಜಾಗ. ಬೆಳಕು ಹಿಡಿಯುವುದು ಆ ಜಾಗವೇ ತಾನೆ. ಮೇಲಿಂದ ಆ ಝೂಮಿನ ತುದಿಯಲ್ಲಿ ಎಫ್/6.5ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಮಳೆಗಾಲದ ಚಿತ್ರವೆಲ್ಲ ಕಾಳು ಕಾಳಾಗಿ, ಬೋರ್ಡಿನ ಅಕ್ಷರ ಕಲಸಿ ಬರುತ್ತದೆ. ಮೊಬೈಲಿನಲ್ಲಿ ಯಾವ ತೊಂದರೆ ಅಂತ ಈ ಹುಡುಗ ಕ್ಯಾಮೆರಾ ಹುಡುಕುತ್ತಿದ್ದಾನೋ ಅದೇ ತೊಂದರೆ ಮತ್ತೆ ಬರುತ್ತದೆ.

ನಮ್ಮ ಜಿಲ್ಲೆಯ ಸಾರಿಗೆ ಅಂದರೆ ಅರ್ಧ ಮಳೆಯೇ. ಹಸಿ ರಸ್ತೆಯಲ್ಲಿ ಕೆಂಪು ಬಸ್ಸಿನ ನೆರಳು, ವೈಪರ್ ಹಿಂದೆ ಡ್ರೈವರ್ ಮುಖ, ಮಂಜಿನೊಳಗಿಂದ ಮೊದಲು ಬರುವ ಎರಡು ಲೈಟು. ಇವನ್ನು ಬಿಟ್ಟು ಬೇಸಿಗೆಯಲ್ಲಿ ಮಾತ್ರ ತೆಗೆಯುವುದಾದರೆ ಆ ಕ್ಯಾಮೆರಾ ನಮ್ಮ ಊರಿಗೆ ಹೊಂದುವುದಿಲ್ಲ.


ಬೈತಖೋಲ ಧಕ್ಕೆ

ಮಳೆಯ ಲೆಕ್ಕ ಒಪ್ಪಿದೆ, ಅಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ನಾನು ಕ್ಯಾಮೆರಾ ಹೊರಗೆ ತೆಗೆಯುವುದೇ ಕಡಿಮೆ. ಆದರೆ ಅಂಕೋಲಾದ ತಮ್ಮಾ, ಆ ಎರಡು ತಿಂಗಳು ಬಂದರಿಗೆ ಬಾ. ಎಲ್ಲ ಬೋಟೂ ಸಾಲಾಗಿ ನಿಂತಿರುತ್ತವೆ. ಬಣ್ಣ ಬಳಿಯುವುದು, ಹಲಗೆ ಸಂದಿಗೆ ತುಂಬುವುದು, ನೀರು ತಳ್ಳುವ ಫ್ಯಾನ್ (ಪ್ರೊಪೆಲ್ಲರ್) ಬಿಚ್ಚುವುದು, ಎಲ್ಲ ಹತ್ತಿರದಿಂದ ಕಾಣುತ್ತದೆ. ಅದಕ್ಕೆ 18-55 ಒಂದೇ ಸಾಕು. ಮಾಲೀಕರನ್ನು ಕೇಳಿ ತೆಗೆ. ಕೇಳಿದರೆ ಚಹಾ ಕೊಟ್ಟು ಮಾತಾಡಿಸುತ್ತಾರೆ.


ಭಟ್ಕಳ ಟು ಬೆಂಗಳೂರು

ಯಾರೂ ಸೋನಿ ಬಗ್ಗೆ ಮಾತಾಡುತ್ತಿಲ್ಲ ಮಾರಾಯ್ರೆ. ಎ6000 ಒಂದು ಸೆಕೆಂಡಿಗೆ 11 ಚಿತ್ರ ತೆಗೆಯುತ್ತದೆ, 24 ಮೆಗಾಪಿಕ್ಸೆಲ್, ಬ್ಯಾಗಿನಲ್ಲಿ ತೂಕವೇ ಗೊತ್ತಾಗುವುದಿಲ್ಲ. ಫೋಕಸ್ ರೈಲಿನ ಮೇಲೆ ಕೂತರೆ ಬಿಡುವುದಿಲ್ಲ. 1300ಡಿ ಸೆಕೆಂಡಿಗೆ ಮೂರು. ವಂದೇ ಭಾರತ್ ಬಂದರೆ ಮೂರು ಚಿತ್ರದಲ್ಲಿ ಏನು ಸಿಗುತ್ತದೆ?


ಶರಾವತಿ ಸೇತುವೆ

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಸೆಕೆಂಡಿಗೆ ಮೂರು ತೆಗೆದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ರೈಲು 9 ಮೀಟರ್ ಮುಂದೆ ಬಂದಿರುತ್ತದೆ. ಹನ್ನೊಂದು ತೆಗೆದರೆ ಎರಡೂವರೆ ಮೀಟರ್. ಸಿಗ್ನಲ್ ಕಂಬದ ಪಕ್ಕ ಇಂಜಿನ್ ಮುಖ ಸರಿಯಾಗಿ ಬರಬೇಕು ಅಂದರೆ ಹನ್ನೊಂದೇ ಉತ್ತಮ. ಅದರಲ್ಲಿ ವಾದ ಇಲ್ಲ.

ಆದರೆ ಸುಮ್ನೆ ಗುಂಡಿ ಒತ್ತಿ ಹಿಡಿಯುವ ಬದಲು ಜಾಗ ಗೊತ್ತು ಮಾಡಿಕೊಂಡು ಕಾಯುವುದು ಕಲಿತರೆ ಒಂದೇ ಚಿತ್ರ ಸಾಕು. ನಾನು ಮಾಡುವುದು ಹೀಗೆ. ರೈಲು ಬರುವ ಮೊದಲೇ ಯಾವ ಜಾಗದಲ್ಲಿ ಇಂಜಿನ್ ಬೇಕೋ ಅಲ್ಲಿನ ಹಳಿಗೋ ವಿದ್ಯುತ್ ಕಂಬಕ್ಕೋ ಫೋಕಸ್ ಮಾಡುತ್ತೇನೆ. ಆಮೇಲೆ ಲೆನ್ಸಿನ ಬದಿಯ ಗುಂಡಿಯನ್ನು ಮ್ಯಾನುವಲ್‌ಗೆ ದೂಡುತ್ತೇನೆ. ಫೋಕಸ್ ಅಲ್ಲೇ ನಿಂತಿರುತ್ತದೆ. ಇಂಜಿನ್ ಆ ಜಾಗಕ್ಕೆ ಬಂತು, ಒತ್ತಿದೆ, ಮುಗಿಯಿತು. 1300ಡಿಯ ಹಳೇ ಫೋಕಸ್ ವ್ಯವಸ್ಥೆಯ ಕೊರತೆ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಶಟರ್ ವೇಗವೂ ಇದೇ ಲೆಕ್ಕ. ಅದೇ 100ರ ವೇಗದಲ್ಲಿ 1/500 ಇಟ್ಟರೆ ಶಟರ್ ತೆರೆದಿರುವಷ್ಟರಲ್ಲಿ ರೈಲು ಐದೂವರೆ ಸೆಂಟಿಮೀಟರ್ ಸರಿದಿರುತ್ತದೆ. 1/1000ಕ್ಕೆ ಮೂರಕ್ಕಿಂತ ಕಡಿಮೆ. ಎದುರಿನಿಂದ ಬರುವ ರೈಲಿಗೆ 1/500 ನಡೆಯುತ್ತದೆ, ಅಡ್ಡ ಹಾಯುವುದಕ್ಕೆ 1/1000 ಬೇಕು. ಮೊಬೈಲಿನಲ್ಲಿ ಇಂಜಿನ್ ನಂಬರ್ ಓದಲು ಬರುತ್ತಿರಲಿಲ್ಲ ಅಂದೆಯಲ್ಲ, ಇದೇ ಕಾರಣ. ಸಂಜೆ ಬೆಳಕಿನಲ್ಲಿ ಮೊಬೈಲ್ ತಾನಾಗಿ ವೇಗ ಇಳಿಸಿಬಿಡುತ್ತದೆ.

ಎ6000 ಒಳ್ಳೇ ಕ್ಯಾಮೆರಾ. ಆದರೆ ಆ 16-50 ಲೆನ್ಸ್ ಫುಲ್ ಫ್ರೇಮ್ ಲೆಕ್ಕದಲ್ಲಿ 75ರ ತನಕ ಮಾತ್ರ ಹೋಗುತ್ತದೆ. 55-210 ಬೇರೆ ಕೊಳ್ಳಬೇಕು. 24 ಸಾವಿರ ಆಗಲೇ ಖಾಲಿ. ಬಜೆಟ್ 35 ಇದ್ದಿದ್ದರೆ ನಾನೇ ಅದನ್ನು ತಗೋ ಅನ್ನುತ್ತಿದ್ದೆ.


ಭಟ್ಕಳ ಟು ಬೆಂಗಳೂರು

ದೂರದ ಲೆನ್ಸ್ ಇಲ್ಲದೆ ಎ6000 ತಗೊಂಡು ಪ್ರಯೋಜನ ಇಲ್ಲ, ಅಷ್ಟು ಹೌದು. ಹೊಸದಕ್ಕೆ ಹಣ ಕೂಡಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, 2024ರ ಕೊನೆಗೆ ಬಂದ ನಿಕಾನ್ ಝಡ್50-2 ನೋಡಿ. ಅದರ ಫೋಕಸ್ ರೈಲು, ವಿಮಾನ, ಕಾರು, ಬೈಕು ಅಂತ ಬೇರೆ ಬೇರೆಯಾಗಿ ಗುರುತು ಹಿಡಿಯುತ್ತದೆ. ಬೆಲೆ ಈ ಚರ್ಚೆಗೆ ತುಂಬಾ ದೂರ.


ಅಂಕೋಲಾ ಲೋಕಲ್

ಡಿ3300 ಯಾರೂ ಹೇಳಲಿಲ್ಲ? 16 ಸಾವಿರಕ್ಕೆ ತಗೊಂಡು ಉಳಿದ ಒಂಬತ್ತರಲ್ಲಿ ಹಳೇ 70-300 ಹುಡುಕಿದರೆ?


ಕ್ಯಾಸಲ್‌ರಾಕ್ ಬ್ಯಾಂಕರ್

ಡಿ3300 ನಾನೇ ಬಳಸುತ್ತಿದ್ದೇನೆ. ಸೆನ್ಸರ್ 24 ಮೆಗಾಪಿಕ್ಸೆಲ್, ಸೆಕೆಂಡಿಗೆ ಐದು. ಚಿತ್ರದ ಗುಣದಲ್ಲಿ 1300ಡಿಗಿಂತ ಒಂದು ಕೈ ಮೇಲೆ. ಮಳೆಗಾಲದ ಕತ್ತಲೆಯಲ್ಲಿ ಅದು ಗೊತ್ತಾಗುತ್ತದೆ, ನೆರಳಿನ ಜಾಗವನ್ನು ಆಮೇಲೆ ಬೆಳಗಿಸಿದರೂ ಕೆಡುವುದಿಲ್ಲ.

ಆದರೆ ನಿಕಾನಿನಲ್ಲಿ ಲೆನ್ಸ್ ಕೊಳ್ಳುವಾಗ ಹುಷಾರು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಮೇಲೆ ಬರೀ 'ಎಎಫ್' ಅಂತ ಬರೆದಿರುವ ಹಳೇ 70-300 ಅಗ್ಗಕ್ಕೆ ಸಿಗುತ್ತದೆ, ಹಾಕಿದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. 'ಎಎಫ್-ಎಸ್' ಇರಬೇಕು, ಅದರಲ್ಲಿ ಮೋಟಾರ್ ಲೆನ್ಸಿನ ಒಳಗೇ ಇರುತ್ತದೆ. 'ಎಎಫ್-ಪಿ' ಆದರೂ ಡಿ3300ಕ್ಕೆ ನಡೆಯುತ್ತದೆ, ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್) ಹೊಸದು ಮಾಡಿಕೊಂಡಿರಬೇಕು ಅಷ್ಟೇ. ಡಿ3100, ಡಿ5100, ಡಿ90, ಡಿ7000 ಇವುಗಳಲ್ಲಿ ಎಎಫ್-ಪಿ ನಡೆಯುವುದೇ ಇಲ್ಲ. 55-200 ವಿಆರ್ (ನಿಕಾನಿನವರು ಐಎಸ್‌ಗೆ ಹೇಳುವ ಹೆಸರು) ಎಎಫ್-ಎಸ್ ಸಿಕ್ಕಿದರೆ ಒಂಬತ್ತು ಸಾವಿರದ ಒಳಗೆ ಆಗಬಹುದು. ಸಿಗುವವರೆಗೆ ಮಾತ್ರ ನೀನು 18-55ರಲ್ಲೇ ಇರುತ್ತೀಯ.

ಯಾವುದೇ ತಗೋ, ನೋಡದೆ ದುಡ್ಡು ಕೊಡಬೇಡ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಅಂದರೆ ದೊಡ್ಡ ಶತ್ರು ಬೂಷ್ಟು, ಕ್ಯಾಮೆರಾದವರು ಫಂಗಸ್ ಅನ್ನುತ್ತಾರೆ. ಜೋಯಿಡಾ ಕಾಡಿನ ಮಳೆಯಲ್ಲಿ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಹಿಡಿಯುವ ಹಾಗೆ ಲೆನ್ಸಿನ ಒಳಗಿನ ಗಾಜಿಗೂ ಹಿಡಿಯುತ್ತದೆ. ನನಗೆ ಗೊತ್ತಿರುವವರಿಗೆ ಒಂದು ಅಂಗಡಿಯವರು ಗಾಜನ್ನು ಹೊರಗಿನಿಂದ ಚೆನ್ನಾಗಿ ಒರೆಸಿ ಲೆನ್ಸ್ ಕೊಟ್ಟಿದ್ದರು. ಮನೆಗೆ ತಂದು ಟಾರ್ಚ್ ಬಿಟ್ಟರೆ ಒಳಗೆ ಬಿಳಿ ನೂಲಿನ ಎಳೆಗಳು ಕವಲೊಡೆದು ಹಬ್ಬಿದ್ದವು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ನೋಡುವ ಕ್ರಮ ಹೇಳುತ್ತೇನೆ. ಲೆನ್ಸನ್ನು ಬಾಡಿಯಿಂದ ಬಿಚ್ಚು. ಎರಡೂ ಮುಚ್ಚಳ ತೆಗೆ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು, ಮುಂದಿನಿಂದ ನೋಡು. ಟಾರ್ಚನ್ನು ಸುತ್ತ ತಿರುಗಿಸುತ್ತ ಹೋಗು, ನೇರ ಬೆಳಕಿನಲ್ಲಿ ಕಾಣದ್ದು ಓರೆಯಲ್ಲಿ ಕಾಣುತ್ತದೆ. ಸಣ್ಣ ಧೂಳಿನ ಚುಕ್ಕೆ ಇದ್ದರೆ ಚಿಂತೆ ಇಲ್ಲ. ಎಳೆ, ಕವಲು, ಮಂಜು ಕಂಡರೆ ಬೇಡ. ಝೂಮ್ ತಿರುಗಿಸುವಾಗ ಕರಕರ ಸದ್ದು ಬರಬಾರದು. ಬ್ಯಾಟರಿ ಗೂಡು, ಲೆನ್ಸ್ ಕೂರುವ ಬಳೆಯ ಸ್ಕ್ರೂಗಳನ್ನು ನೋಡು. ಹಸಿರು ಕಿಲುಬು ಇದ್ದರೆ ಉಪ್ಪು ನೀರು ಕಂಡ ಕ್ಯಾಮೆರಾ ಅದು.

ಆಮೇಲೆ ಎಫ್/16 ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆ. ಸೆನ್ಸರ್ ಮೇಲಿನ ಕೊಳೆ ಕಪ್ಪು ಚುಕ್ಕೆಯಾಗಿ ಬರುತ್ತದೆ. ಒಂದೆರಡು ಇದ್ದರೆ ಸ್ವಚ್ಛ ಮಾಡಿಸಬಹುದು. ಎಷ್ಟು ಚಿತ್ರ ತೆಗೆದಿದೆ ಅನ್ನುವುದು ನಿಕಾನಿನಲ್ಲಿ ಚಿತ್ರದ ಫೈಲಿನಲ್ಲೇ ಬರೆದಿರುತ್ತದೆ. ಕ್ಯಾನನ್‌ನ ಈ ಸಾಲಿನಲ್ಲಿ ಫೈಲಿನಲ್ಲಿ ಇರುವುದಿಲ್ಲ. ಆದ್ದರಿಂದ ಹಿಡಿಕೆಯ ರಬ್ಬರ್ ಎಷ್ಟು ಸವೆದಿದೆ, ಗುಂಡಿಗಳ ಬಿಳಿ ಗುರುತು ಎಷ್ಟು ಅಳಿಸಿದೆ, ಅದನ್ನೇ ನೋಡಬೇಕು.


ದೇವಿಮನೆ ತಿರುವು

ಬಸ್ಸಿಗೆ ಸಂಬಂಧಪಟ್ಟ ಒಂದು ವಿಷಯ, ಇದು ಕ್ಯಾಮೆರಾ ಪರೀಕ್ಷೆಗೂ ಉಪಯೋಗ. ಈಗ ಸುಮಾರು ಬಸ್ಸುಗಳಿಗೆ ಎಲ್‌ಇಡಿ ಬೋರ್ಡು ಬಂದಿದೆ. ಕಣ್ಣಿಗೆ "ಕುಮಟಾ" ಅಂತ ಪೂರ್ತಿ ಕಾಣುತ್ತದೆ. 1/1000ದಲ್ಲಿ ತೆಗೆದರೆ "ಕು" ಅರ್ಧ, "ಟಾ" ಇಲ್ಲವೇ ಇಲ್ಲ. ಆ ದೀಪಗಳು ಎಲ್ಲ ಒಟ್ಟಿಗೆ ಉರಿಯುವುದಿಲ್ಲ, ಸಾಲು ಸಾಲಾಗಿ ಬಹಳ ವೇಗವಾಗಿ ಹೊತ್ತಿ ಆರುತ್ತವೆ. ಶಟರ್ ಅದಕ್ಕಿಂತ ಬೇಗ ಮುಚ್ಚಿದರೆ ಅಕ್ಷರ ಹರಿಯುತ್ತದೆ. 1/125, ಕೆಲವು ಬೋರ್ಡಿಗೆ 1/100 ಅಥವಾ ಅದಕ್ಕೂ ನಿಧಾನ ಬೇಕು.

ಓಡುವ ಬಸ್ಸನ್ನು 1/100ರಲ್ಲಿ ತೆಗೆದರೆ ಬಸ್ ಕಲಸುತ್ತದಲ್ವಾ? ಅದಕ್ಕೇ ನಾನು ಘಟ್ಟದ ತಿರುವನ್ನೇ ಹುಡುಕುವುದು. ದೇವಿಮನೆಯ ತಿರುವಿನಲ್ಲಿ ತುಂಬಿದ ಬಸ್ ಮೇಲೆ ಹತ್ತುವಾಗ ಗೇರ್ ಬದಲಿಸುವ ಒಂದು ಕ್ಷಣ ಬಹುತೇಕ ನಿಂತ ಹಾಗೆ ಆಗುತ್ತದೆ. ಆಗ ಮುಖ ನೇರ ನಮ್ಮ ಕಡೆ ಇರುತ್ತದೆ. ಬೋರ್ಡೂ ಬರುತ್ತದೆ, ಬಸ್ಸೂ ಗಟ್ಟಿಯಾಗಿ ಬರುತ್ತದೆ. ಅರಬೈಲು ಘಟ್ಟದಲ್ಲೂ ಇಂಥ ತಿರುವುಗಳಿವೆ, ಅಲ್ಲಿ ಲಾರಿ ಸಾಲು ಜಾಸ್ತಿ. ನಿಲ್ಲುವ ಜಾಗ ತಿರುವಿನ ಹೊರ ಅಂಚಿನಲ್ಲಿ, ತಡೆಗೋಡೆಯ ಹಿಂದೆ ಇರಬೇಕು. ಒಳ ಅಂಚಿನಲ್ಲಿ ಬಸ್ಸಿನ ಹಿಂದಿನ ಚಕ್ರ ಇನ್ನೂ ಒಳಗೆ ಸರಿದು ಬರುತ್ತದೆ, ಅಲ್ಲಿ ಯಾವತ್ತೂ ನಿಲ್ಲಬಾರದು.

ಕ್ಯಾಮೆರಾಕ್ಕೆ ಹಣ ಉಳಿದರೆ ಒಂದು ಪೋಲರೈಸರ್ ಫಿಲ್ಟರ್ ತಗೋ. ಬಸ್ಸಿನ ಮುಂದಿನ ಗಾಜಿನಲ್ಲಿ ಆಕಾಶ ಪ್ರತಿಫಲಿಸಿ ಬಿಳಿಯಾಗಿರುತ್ತದೆ. ಫಿಲ್ಟರ್ ತಿರುಗಿಸಿದರೆ ಆ ಬಿಳಿ ಕರಗಿ ಡ್ರೈವರ್, ಒಳಗಿನ ದೇವರ ಪಟ, ಮಲ್ಲಿಗೆ ಮಾಲೆ ಎಲ್ಲ ಕಾಣುತ್ತದೆ. ಕ್ಯಾನನ್ 18-55 ಐಎಸ್ ಮತ್ತು 55-250 ಎರಡಕ್ಕೂ 58 ಮಿಲಿಮೀಟರಿನದೇ ಆಗುತ್ತದೆ, ಒಂದೇ ಸಾಕು. ಮಳೆಗಾಲದಲ್ಲಿ ತೆಗೆದಿಡು, ಅದು ಬೆಳಕು ತಿನ್ನುತ್ತದೆ.


ಭಟ್ಕಳ ಟು ಬೆಂಗಳೂರು

ರೈಲಿನ ಹೆಡ್‌ಲೈಟ್ ಕೂಡ ಮೋಸ ಮಾಡುತ್ತದೆ. ಎದುರಿನಿಂದ ಬರುವಾಗ ಆ ಬೆಳಕು ನೋಡಿ ಕ್ಯಾಮೆರಾ ಇಡೀ ಚಿತ್ರವನ್ನು ಕಪ್ಪು ಮಾಡಿಬಿಡುತ್ತದೆ. ರೈಲು ಬರುವ ಮೊದಲೇ ಖಾಲಿ ಹಳಿಗೆ ಬೆಳಕು ಅಳೆದು ಮ್ಯಾನುವಲ್‌ನಲ್ಲಿ ಇಟ್ಟುಬಿಡು.


ಕಾಳಿ ದಂಡೆ

ತಡವಾಗಿ ಬಂದೆ. ಕ್ಯಾಮೆರಾ ಬಗ್ಗೆ ಎಲ್ಲ ಹೇಳಿದ್ದಾರೆ, ನಾನು ಜಾಗದ ಬಗ್ಗೆ ಹೇಳುತ್ತೇನೆ. ಕಾರವಾರದಲ್ಲಿ ಓದುವ ಹುಡುಗ ಅಂದ ಮೇಲೆ ಇದು ಬೇಕೇ ಬೇಕು.

ಅರಗಾದ ಕದಂಬ ನೌಕಾನೆಲೆಯ ಕಡೆ ಕ್ಯಾಮೆರಾ ಎತ್ತಬೇಡ. ಹೆದ್ದಾರಿಯಿಂದಲೂ ಬೇಡ, ಗುಡ್ಡದ ಮೇಲಿಂದಲೂ ಬೇಡ. ಬೈತಖೋಲದಲ್ಲಿ ಮೀನುಗಾರಿಕೆ ಬೋಟು ತೆಗೆಯುವಾಗಲೂ ಹಿಂದೆ ಯಾವುದು ಕಾಣುತ್ತಿದೆ ಅಂತ ನೋಡಿಕೊಂಡು ತೆಗೆ. ಉದ್ದದ ಲೆನ್ಸ್ ಹಿಡಿದವರನ್ನು ಪ್ರಶ್ನೆ ಮಾಡಿದರೆ ಅದು ಅವರ ಕೆಲಸ. ಡ್ರೋನ್ ಯೋಚನೆ ಬಿಟ್ಟೇಬಿಡು. ಹಡಗು ತೆಗೆಯಲೇಬೇಕು ಅಂದರೆ ಟಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆ ಮ್ಯೂಸಿಯಂ ಆಗಿ ನಿಂತಿದೆ. ಹೊಸ ಕ್ಯಾಮೆರಾ ಕೈಗೆ ಬಂದ ವಾರ ಅಲ್ಲಿಗೇ ಹೋಗು. ಅಲುಗಾಡದ ದೊಡ್ಡ ವಸ್ತು, ಸಂಜೆ ಬಿಸಿಲು, ಬೇಕಾದಷ್ಟು ಸುತ್ತಿ ಕಲಿಯಬಹುದು.

ರೈಲಿಗೆ ಬಂದರೆ, ಸ್ಟೇಷನ್ ಒಳಗೆ ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡೇ ಹೋಗು. ಮೊದಲು ಸ್ಟೇಷನ್ ಮಾಸ್ಟರಿಗೆ ನಮಸ್ಕಾರ ಹೇಳಿ, ಹವ್ಯಾಸಕ್ಕೆ ತೆಗೆಯುತ್ತೇನೆ ಅಂತ ತಿಳಿಸು. ಬೇಡ ಅಂದರೆ ವಾದ ಬೇಡ, ಹೊರಗೆ ಬಾ. ಹಣಕ್ಕಾಗಿ ಶೂಟಿಂಗ್ ಮಾಡುವುದಾದರೆ ಲಿಖಿತ ಅನುಮತಿಯೇ ಬೇಕು. ಕೊಂಕಣ ರೈಲ್ವೆಯ ಒಂದು ವಿಭಾಗದ ಕಚೇರಿ ಕಾರವಾರದಲ್ಲೇ ಇದೆ, ಸಂಶಯ ಇದ್ದರೆ ಅಲ್ಲೇ ಕೇಳಬಹುದು. ಹಳಿ ಮೇಲೆ, ಸೇತುವೆ ಮೇಲೆ, ಸುರಂಗದ ಬಾಯಲ್ಲಿ ಹೋಗಿ ನಿಂತರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಆಗಬಹುದು.

ಇನ್ನೊಂದು ಬಹಳ ಮುಖ್ಯ. 2022ರಲ್ಲಿ ಇಡೀ ಮಾರ್ಗ ವಿದ್ಯುದೀಕರಣ ಆಯಿತು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ಮೇಲ್ಸೇತುವೆಯಿಂದ ಸೆಲ್ಫಿ ಕೋಲು, ಮೊನೊಪಾಡ್, ಒದ್ದೆ ಕೊಡೆ ಚಾಚಬಾರದು. ತಮ್ಮಾ, ಇದು ಮಾತ್ರ ಮರೆಯಬೇಡ.

ತಂತಿ ಬಂದ ಮೇಲೆ ಚಿತ್ರದಲ್ಲಿ ಕಂಬ ಅಡ್ಡ ಬರುತ್ತದೆ ಅಂತ ಬೇಜಾರು ಮಾಡುವವರಿದ್ದಾರೆ. ಒಂದೇ ಹಳಿ ಇರುವ ಕಡೆ ಕಂಬಗಳು ಹೆಚ್ಚಾಗಿ ಒಂದೇ ಬದಿಯಲ್ಲಿರುತ್ತವೆ. ಇನ್ನೊಂದು ಬದಿಗೆ ನಿಂತರೆ ರೈಲಿನ ಮುಂದೆ ಏನೂ ಅಡ್ಡ ಬರುವುದಿಲ್ಲ. ಸಂಜೆ ಬಿಸಿಲು ಕಡಲ ಕಡೆಯಿಂದ ಬರುವುದರಿಂದ ಹಳಿಯ ಪಶ್ಚಿಮಕ್ಕೆ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು.


ಕ್ಯಾಸಲ್‌ರಾಕ್ ಬ್ಯಾಂಕರ್

ನಮ್ಮ ಕಡೆಗೂ ಇದೇ ಮಾತು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದಲ್ಲಿ 37 ಅಡಿಗೆ ಒಂದು ಅಡಿ ಏರು ಇದೆ. ಹಿಂದಿನಿಂದ ಬ್ಯಾಂಕರ್ ಇಂಜಿನ್‌ಗಳು ದೂಡಿಕೊಂಡು ಬರುವುದನ್ನು ನೋಡಲು ಎಲ್ಲರಿಗೂ ಆಸೆ. ದೂಧಸಾಗರಕ್ಕೆ ಹಳಿ ಮೇಲೆ ನಡೆದು ಹೋಗುವುದಕ್ಕೆ ಅವಕಾಶವೇ ಇಲ್ಲ. ಸ್ಟೇಷನ್ನಿನಲ್ಲಿ ಇಂಜಿನ್ ಜೋಡಿಸುವುದು, ಬಿಚ್ಚುವುದು ಪ್ಲಾಟ್‌ಫಾರ್ಮಿನಿಂದಲೇ ಚೆನ್ನಾಗಿ ಕಾಣುತ್ತದೆ, 18-55 ಸಾಕು.


ಕಾಳಿ ದಂಡೆ

ಇನ್ನೂ ಒಂದು ಹೇಳಬೇಕಿತ್ತು. ಯಾವುದು ತಗೊಳ್ಳಲಿ ಅಂತ ವರ್ಷಗಟ್ಟಲೆ ಯೋಚಿಸುತ್ತ ಕೂರಬೇಡ. ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗುವ ಹಳೇ ಕಾಳಿ ಸೇತುವೆಯನ್ನು ನಾವೆಲ್ಲ ದಿನಾ ದಾಟುತ್ತಿದ್ದೆವು. 2024ರ ಆಗಸ್ಟ್ 6ರ ಮಧ್ಯರಾತ್ರಿ ಕಳೆದ ಮೇಲೆ, ಅಂದರೆ 7ರ ನಸುಕಿನಲ್ಲಿ, ಕುಸಿದು ಬಿತ್ತು. ಅದರ ಮೇಲೆ ಹೋಗುವ ಗೋವಾದ ಕದಂಬ ಬಸ್, ನಮ್ಮ ಕೆಂಪು ಬಸ್, ಮೀನಿನ ಲಾರಿ, ಇವನ್ನು ಸರಿಯಾಗಿ ತೆಗೆದಿಟ್ಟವರು ಎಷ್ಟು ಜನ? ಸೂರ್ಯಾಸ್ತದ ಚಿತ್ರ ಸಾವಿರ ಸಿಗುತ್ತವೆ, ಸೇತುವೆ ಬರೀ ಕಪ್ಪು ಗೆರೆ. ಬಸ್ಸಿನ ನಂಬರ್ ಕಾಣುವ ಚಿತ್ರ ಬೇಕು ಅಂತ ಹುಡುಕಿದರೆ ಕೈಗೆ ಸಿಗುವುದು ಬೆರಳೆಣಿಕೆ. ಕೊಂಕಣ ರೈಲಿನ ಡೀಸೆಲ್ ಇಂಜಿನ್‌ಗಳ ಕಥೆಯೂ ಹಾಗೇ. ಇದ್ದಾಗ ದಿನಾ ಕಾಣುತ್ತಿದ್ದವು ಅಂತ ಯಾರೂ ತೆಗೆಯಲಿಲ್ಲ.

ಹಾಗಾಗಿ 1300ಡಿ ಆದರೂ ಸರಿ, ಡಿ3300 ಆದರೂ ಸರಿ. ಈ ತಿಂಗಳೇ ತಗೋ. ತದಡಿಯಿಂದ ಅಘನಾಶಿನಿಗೆ ದಾಟುವ ಬೋಟು, ಹೊಂಡ ಬಿದ್ದ ರಸ್ತೆಯ ಹಳ್ಳಿ ಬಸ್ಸು, ಕೈಯಲ್ಲಿ ಬರೆದ ಬೋರ್ಡು. ಇವುಗಳ ಚಿತ್ರ ತೆಗೆ. ವಂದೇ ಭಾರತ್ ತೆಗೆಯಲು ಬೇಕಾದಷ್ಟು ಜನ ಇದ್ದಾರೆ.


ಅಂಕೋಲಾ ಲೋಕಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿಗೆ ಹೋಗಿ ನೋಡಿಕೊಂಡು ಬಂದೆ. ಬ್ಯಾಂಕರ್ ಅಣ್ಣ ಹೇಳಿದ ಹಾಗೆ ಟಾರ್ಚ್ ಹಿಡಿದು ಎರಡೂ ಲೆನ್ಸ್ ನೋಡಿದೆ. 55-250 ಶುದ್ಧ ಇತ್ತು, ಐಎಸ್ ಅಂತಲೂ ಬರೆದಿತ್ತು. 18-55ರ ಒಳಗೆ ಅಂಚಿನಲ್ಲಿ ಒಂದು ಎಳೆ ಕಂಡಿತು. ತೋರಿಸಿದ್ದಕ್ಕೆ ಅಂಗಡಿಯವರು ಬೇರೆ 18-55 ಕೊಟ್ಟರು, ಬೆಲೆಯಲ್ಲಿ ಐನೂರು ಬಿಟ್ಟರು. ಬಿಳಿ ಗೋಡೆ ಪರೀಕ್ಷೆಯಲ್ಲಿ ಚುಕ್ಕೆ ಬರಲಿಲ್ಲ. 1300ಡಿ ತಗೊಂಡೆ. 20,500 ಆಯಿತು. ಉಳಿದದ್ದರಲ್ಲಿ 64 ಜಿಬಿ ಕಾರ್ಡು, ಸಾದಾ ಬ್ಯಾಗು. ಪೋಲರೈಸರ್ ಮುಂದಿನ ತಿಂಗಳು.

ಈಗ ಎರಡು ಪ್ರಶ್ನೆ. ಮಳೆಗಾಲಕ್ಕೆ ಎಲ್ಲಿ ಇಡಲಿ? ರಾ ಫೈಲ್‌ನಲ್ಲಿ ತೆಗೆಯಬೇಕಾ?


ಕ್ಯಾಸಲ್‌ರಾಕ್ ಬ್ಯಾಂಕರ್

ಬಹಳ ಒಳ್ಳೇ ಕೆಲಸ ಮಾಡಿದೆ. ಕ್ಯಾಮೆರಾ ಬ್ಯಾಗಿನೊಳಗೆ ಇಡಲೇಬೇಡ, ಬ್ಯಾಗಿನ ಸ್ಪಂಜು ತೇವ ಹಿಡಿದಿಡುತ್ತದೆ. ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಗೋ, ಅಡುಗೆಮನೆಗೆ ಮಾರುವಂಥದ್ದೇ ಆಗುತ್ತದೆ. ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕು. ತೇವ ಕುಡಿದು ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಅಡುಗೆಗೆ ಬಳಸುವ ಬಾಣಲೆ ಬೇಡ, ಬೇರೆ ಇಟ್ಟುಕೋ. ಚಿಕ್ಕ ತೇವಾಂಶ ಮೀಟರ್ ಸಿಕ್ಕರೆ ಡಬ್ಬಿಯಲ್ಲಿ ಇಡು, 40ರಿಂದ 50ರ ನಡುವೆ ಇದ್ದರೆ ಸರಿ. ಮಳೆಯಲ್ಲಿ ತೆಗೆದು ಬಂದ ದಿನ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಡಬ್ಬಿಗೆ ಹಾಕು. ಧಕ್ಕೆಗೆ ಹೋಗಿ ಬಂದರೆ ಮೊದಲು ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸು, ಆಮೇಲೆ ಒಣ ಬಟ್ಟೆ.


ಶರಾವತಿ ಸೇತುವೆ

ನಿಂತದ್ದಕ್ಕೆ, ಸಂಜೆ ನೋಟಕ್ಕೆ ರಾ ಇಡು, ಅಂದರೆ ಸೆನ್ಸರ್ ಕಂಡದ್ದನ್ನೆಲ್ಲ ಇಟ್ಟುಕೊಳ್ಳುವ ದೊಡ್ಡ ಫೈಲು, ಆಮೇಲೆ ತಿದ್ದಲು ಸುಲಭ. ಓಡುವ ರೈಲಿಗೆ ಜೆಪೆಗ್ ಸಾಕು. ರಾ ಇಟ್ಟರೆ 1300ಡಿ ಐದಾರು ಚಿತ್ರಕ್ಕೇ ಉಸಿರು ಕಟ್ಟಿ ನಿಲ್ಲುತ್ತದೆ. ಅಷ್ಟರಲ್ಲಿ ಗಾರ್ಡ್ ಬೋಗಿ ದಾಟಿರುತ್ತದೆ.


ಅಂಕೋಲಾ ಲೋಕಲ್

ಸರಿ ಅಣ್ಣ. ಫೈಲ್ ಹೆಸರು ಹೇಗೆ ಇಡುತ್ತೀರಿ? ಮೊಬೈಲಿನಲ್ಲಿ ಈಗಲೇ ಎಲ್ಲ ಕಲಸಿಹೋಗಿದೆ.


ದೇವಿಮನೆ ತಿರುವು

ವರ್ಷ, ತಿಂಗಳು, ದಿನ ಮೊದಲು, ಆಮೇಲೆ ಊರು, ಆಮೇಲೆ ವಾಹನದ ನಂಬರ್. ಆಗ ತಾನಾಗಿ ದಿನಾಂಕದ ಸಾಲಿನಲ್ಲಿ ಕೂರುತ್ತದೆ. ಕ್ಯಾಮೆರಾದ ಗಡಿಯಾರ ಸರಿ ಇದೆಯಾ ನೋಡಿಕೋ, ಸೆಕೆಂಡ್ ಹ್ಯಾಂಡಿನಲ್ಲಿ ಸಾಮಾನ್ಯವಾಗಿ ತಪ್ಪಿರುತ್ತದೆ. ಬಸ್ಸಾದರೆ ಕೆಎ-31 ಎಫ್ ನಂಬರ್ ಜತೆ ಬಸ್ಸಿನ ಮೇಲೆ ಬರೆದಿರುವ ಘಟಕದ ಹೆಸರು, ಬೋರ್ಡಿನಲ್ಲಿದ್ದ ಊರು, ಎರಡನ್ನೂ ಬರೆದಿಡು. ಬಸ್ಸುಗಳನ್ನು ಒಂದು ಡಿಪೋದಿಂದ ಇನ್ನೊಂದಕ್ಕೆ ಕಳಿಸುತ್ತಿರುತ್ತಾರೆ. ಇವತ್ತು ಶಿರಸಿಯಲ್ಲಿ ತೆಗೆದದ್ದು ನಾಳೆ ಯಲ್ಲಾಪುರದಲ್ಲಿ ಕಂಡರೆ ಯಾವಾಗ ಹೋಯಿತು ಅನ್ನುವುದು ನಿನ್ನ ಚಿತ್ರದಿಂದಲೇ ಗೊತ್ತಾಗುತ್ತದೆ. ರೈಲಿಗೆ ರೈಲಿನ ನಂಬರ್ ಬೇರೆ, ಇಂಜಿನ್ ನಂಬರ್ ಬೇರೆ, ಎರಡೂ ಬೇಕು. ವಾರಕ್ಕೊಮ್ಮೆ ಲ್ಯಾಪ್‌ಟಾಪಿಗೂ ಒಂದು ಹಾರ್ಡ್ ಡಿಸ್ಕಿಗೂ ಹಾಕು. ಎರಡೂ ಕಡೆ ಹಾಕುವ ತನಕ ಕಾರ್ಡು ಅಳಿಸಬೇಡ.